ಕಥಿ ಹೇಳಾಕ ಆಟ ನಿಲ್ಲಸಬ್ಯಾಡ್ರಿ

ಹೊಡೆದಾಟದ ಗೇಮ್ ಆಡುವ ಹುಡುಗರ ಬೆನ್ನ ಹಿಂದೆ ಒಂದು ಹತ್ತು ನಿಮಿಷ ನಿಂತು ನೋಡ್ರಿ. ಹೊಡೆದಾಟ ನಡೆದಿರುವಷ್ಟು ಹೊತ್ತು ಕಣ್ಣು ಮಿಟುಕಿಸುವುದಿಲ್ಲ, ಕರೆದರೆ ಓ ಅನ್ನುವುದಿಲ್ಲ. ಅಷ್ಟರಲ್ಲಿ ಆಟ ತಾನೇ ನಿಲ್ಲುತ್ತದೆ. ತೆರೆಯ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬರುತ್ತದೆ. ಗಡ್ಡದ ಮುದುಕನೊಬ್ಬ ಬಂದು, ಸಾವಿರ ವರ್ಷದ ಹಿಂದೆ ಈ ರಾಜ್ಯದಲ್ಲಿ ಏನಾಗಿತ್ತು ಅಂತ ಹೇಳಲಿಕ್ಕೆ ಶುರು ಮಾಡುತ್ತಾನೆ. ಹುಡುಗನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೂಲೆಗೆ ಹೋಗುತ್ತದೆ. ಅಲ್ಲಿ 'ಸ್ಕಿಪ್' ಅಂತ ಒಂದು ಬಟನ್. ಒತ್ತಿದ ಕೂಡಲೇ ಮುದುಕ ಮಾಯ, ಮತ್ತೆ ಹೊಡೆದಾಟ.

ಇದನ್ನು ನೋಡಿ ನಮ್ಮ ಹಿರಿಯರು, "ಈಗಿನ ಹುಡುಗರಿಗೆ ಕಥಿ ಬ್ಯಾಡಾಗೇತ್ರಿ, ಬರೇ ಹೊಡಿ-ಬಡಿ ಬೇಕು" ಅನ್ನುತ್ತಾರೆ. ಪತ್ರಿಕೆಗಳಲ್ಲಿ ಬರೆಯುವವರು ಇದನ್ನೇ ಸ್ವಲ್ಪ ಶುದ್ಧ ಕನ್ನಡದಲ್ಲಿ ಬರೆಯುತ್ತಾರೆ. ಗೇಮ್ ಮಾಡುವವರಲ್ಲೂ ಬಹಳ ಮಂದಿ, "ಆಕ್ಷನ್ ಗೇಮಿಗೆ ಕಥೆ ಯಾಕ್ರಿ, ಹೆಸರಿಗೊಂದು ಇದ್ದರೆ ಸಾಕು" ಅನ್ನುತ್ತಾರೆ. ಈ ಮೂವರ ಮಾತೂ ನನಗೆ ಒಪ್ಪಿಗೆ ಇಲ್ಲ. ಕಥೆ ಹೇಳುವ ನೆಪದಲ್ಲಿ ತನ್ನ ಕೈ ಕಟ್ಟಿ ಕೂರಿಸಿದವನನ್ನು ಆ ಹುಡುಗ ಸ್ಕಿಪ್ ಮಾಡಿದ್ದಾನೆ. ಕಥೆಯ ಮೇಲೆ ಅವನಿಗೇನೂ ಸಿಟ್ಟಿಲ್ಲ.

ನನ್ನ ವಾದ ಇಷ್ಟೇ. ವೇಗದ ಆಟಕ್ಕೆ ಕಥೆ ಬೇಕೇ ಬೇಕು, ಮತ್ತು ಅದು ಆಟಗಾರನ ಕೈಯಲ್ಲಿ ನಡೆಯಬೇಕು. ಓಡುವುದು, ಜಿಗಿಯುವುದು, ಕತ್ತಿ ಎತ್ತುವುದು, ಎತ್ತಿದ ಕತ್ತಿ ಇಳಿಸುವುದು, ಈ ಕೆಲಸಗಳಿಂದಲೇ ಕಥೆ ಮುಂದೆ ಸಾಗಬೇಕು. ಕಥೆಗೊಂದು ಹೊತ್ತು, ಆಟಕ್ಕೊಂದು ಹೊತ್ತು ಅಂತ ಪಾಲು ಮಾಡಿದರೆ ಎರಡೂ ಕೆಡುತ್ತವೆ.

ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು. ಈ ಎರಡನ್ನು ಸೂಜಿಯಿಂದ ಹೊಲಿಯುವುದಿಲ್ಲ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ, ಆಮೇಲೆ ನೇಯುತ್ತಾರೆ. ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಕಾಣುತ್ತದೆ, ಎಳೆದರೆ ಮಾತ್ರ ಬಿಡುವುದಿಲ್ಲ. ಇವತ್ತಿನ ಬಹಳಷ್ಟು ಗೇಮುಗಳಲ್ಲಿ ಕಥೆ ಅನ್ನುವುದು ಆಮೇಲೆ ತಂದು ಹೊಲಿದ ಸೆರಗು. ಒಂದು ಬಟನ್ ಒತ್ತಿದರೆ ಪೂರ್ತಿ ಕಿತ್ತು ಬರುತ್ತದೆ, ಉಳಿದ ಸೀರೆಗೆ ಏನೂ ಆಗುವುದಿಲ್ಲ. ಕಿತ್ತರೂ ಏನೂ ಆಗದಂಥ ಕಥೆ ಇದ್ದೇನು, ಬಿಟ್ಟೇನು?

ಕೊಂಡಿ ಹಾಕಿದ ಗೇಮ್ ಹೆಂಗಿರುತ್ತದೆ ಅಂತ ಕೇಳಬಹುದು. ನಮ್ಮ ವಯಸ್ಸಿನವರಿಗೆ ಹಳೆಯ ಉದಾಹರಣೆಯೇ ಸಾಕು, 'ಪ್ರಿನ್ಸ್ ಆಫ್ ಪರ್ಶಿಯಾ'. ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕದ ಯುವಕ ಹೆಚ್ಚುಕಡಿಮೆ ಒಬ್ಬನೇ ಕೂತು ಆಪಲ್-2 ಕಂಪ್ಯೂಟರಿಗೆ ಬರೆದದ್ದು. 1989ರಲ್ಲಿ ಬಂತು, ಮರುವರ್ಷ ಡಾಸ್‌ಗೂ ಬಂತು. ಅವನು ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೋ ಮಾಡಿಕೊಂಡು, ಒಂದೊಂದು ಚಿತ್ರವನ್ನೂ ತಿದ್ದಿ ರಾಜಕುಮಾರನ ನಡಿಗೆ ಮಾಡಿದ. ಬಾಗಲಕೋಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾವು ಅದನ್ನು ಆಡುವ ಹೊತ್ತಿಗೆ ಗೇಮಿಗೆ ಹತ್ತು ವರ್ಷ ಮೀರಿತ್ತು. ಸರ್ ಆಚೆ ಹೋದರೆಂದರೆ ಸಾಲಾಗಿ ಎಲ್ಲಾ ಕಂಪ್ಯೂಟರಿನಲ್ಲೂ ಅದೇ.

ಅದರಲ್ಲಿ ಒಂದು ಕನ್ನಡಿ ಬರುತ್ತದೆ. ದಾರಿಗೆ ಅಡ್ಡ ನಿಂತ ಕನ್ನಡಿ. ದೂರದಿಂದ ಓಡಿಬಂದು ಅದರೊಳಗೆ ಜಿಗಿದರೆ ನೀವು ಈಚೆ ಬೀಳುತ್ತೀರಿ, ನಿಮ್ಮಂತೆಯೇ ಇರುವ ಒಂದು ನೆರಳು ಆ ಕಡೆಯಿಂದ ಹೊರಬಿದ್ದು ಓಡಿಹೋಗುತ್ತದೆ. ನಿಮ್ಮ ಜೀವ ಒಂದೇ ಗುಟುಕಿಗೆ ಇಳಿದಿರುತ್ತದೆ. ಮುಂದಿನ ಲೆವೆಲ್‌ನಲ್ಲಿ ನೀವು ಕುಡಿಯಬೇಕಾದ ಔಷಧಿಯನ್ನು ಆ ನೆರಳು ಬಂದು ಕುಡಿಯುತ್ತದೆ. ಅದರ ಮುಂದಿನದರಲ್ಲಿ ನಿಮ್ಮ ಮುಖದ ಮೇಲೇ ಬಾಗಿಲು ಹಾಕಿ ಕೆಳಗೆ ಬೀಳಿಸುತ್ತದೆ. ಆಟಗಾರನಿಗೆ ಅದರ ಮೇಲೆ ಎಷ್ಟು ಸಿಟ್ಟು ಬರುತ್ತದೆಂದರೆ, ಸಿಕ್ಕರೆ ಬಿಡಬಾರದು ಅನ್ನಿಸುತ್ತದೆ. ಕೊನೆಗೆ ಹನ್ನೆರಡನೇ ಲೆವೆಲ್‌ನಲ್ಲಿ ಅದು ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ.

ನೀವು ಒಂದು ಏಟು ಹೊಡೆಯುತ್ತೀರಿ. ಅದರ ಜೀವ ಒಂದು ಕಡಿಮೆಯಾಗುತ್ತದೆ, ನಿಮ್ಮದೂ ಒಂದು ಕಡಿಮೆಯಾಗುತ್ತದೆ. ಅದನ್ನು ಕೊಂದರೆ ನೀವೂ ಸಾಯುತ್ತೀರಿ. ಎಷ್ಟು ಸಲ ಆಡಿದರೂ ಅಷ್ಟೇ. ಕಡೆಗೆ ಯಾರೋ ಒಬ್ಬರಿಗೆ ಹೊಳೆಯುತ್ತದೆ, ಕತ್ತಿ ಒರೆಗೆ ಹಾಕಬೇಕು. ನೀವು ಹಾಕಿದರೆ ಅದೂ ಹಾಕುತ್ತದೆ. ಎದುರು ಬದುರು ಓಡಿಬಂದು ಇಬ್ಬರೂ ಒಂದಾಗುತ್ತೀರಿ. ಆಮೇಲೆ ಮುಂದೆ ನೆಲವೇ ಇಲ್ಲದ ಕಡೆ ಧೈರ್ಯ ಮಾಡಿ ಕಾಲಿಟ್ಟರೆ ಕಾಲ ಕೆಳಗೆ ನೆಲ ಮೂಡುತ್ತ ಹೋಗುತ್ತದೆ.

ಇಲ್ಲಿ ಮಾತು ಒಂದೂ ಇಲ್ಲ. 'ನಿನ್ನ ಶತ್ರು ನೀನೇ' ಅಂತ ಯಾವ ಮುದುಕನೂ ಬಂದು ಹೇಳಲಿಲ್ಲ. ಹೇಳಿದ್ದರೆ ನಾವು ನಕ್ಕು ಬಿಡುತ್ತಿದ್ದೆವು. ಹನ್ನೊಂದು ಲೆವೆಲ್ ಕತ್ತಿ ಎತ್ತುವುದನ್ನು ಕಲಿಸಿ, ಹನ್ನೆರಡನೆಯದರಲ್ಲಿ ಅದೇ ಕೈಯಿಂದ ಕತ್ತಿ ಇಳಿಸುವಂತೆ ಮಾಡಿದ್ದಾನಲ್ಲ, ಅದೇ ಕಥೆ. ಅದನ್ನು ಸ್ಕಿಪ್ ಮಾಡಲಿಕ್ಕೆ ಆಗುವುದಿಲ್ಲ, ಮಾಡಿದರೆ ಆಟವೇ ಮುಂದೆ ಹೋಗುವುದಿಲ್ಲ.

ನಮ್ಮಂಥವರಿಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ನಾನು ಹುನಗುಂದ ತಾಲೂಕಿನ ಹಳ್ಳಿಯವನು, ಓದಿದ್ದು ಕನ್ನಡ ಶಾಲೆಯಲ್ಲಿ. ಆ ಗೇಮಿನ ಶುರುವಿಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಮ್ಮಲ್ಲಿ ಯಾರೂ ಓದುತ್ತಿರಲಿಲ್ಲ, ಓದಿದರೂ ತಿಳಿಯುತ್ತಿರಲಿಲ್ಲ. ಆದರೆ ರಾಜಕುಮಾರಿಗೆ ಒಂದು ತಾಸು ಗಡುವು ಇದೆ ಅನ್ನುವುದು ಉಸುಕಿನ ಗಡಿಯಾರ ನೋಡಿ ತಿಳಿಯಿತು. ಎಂಟನೇ ಲೆವೆಲ್‌ನಲ್ಲಿ ಬಾಗಿಲಾಚೆ ಸಿಕ್ಕಿಬಿದ್ದಾಗ ಒಂದು ಇಲಿ ಬಂದು ಬಾಗಿಲು ತೆರೆಯುತ್ತದೆ. ಅದನ್ನು ಕಳಿಸಿದವಳು ಅವಳೇ ಅಂತ ತಿಳಿದಾಗ, ಒಳಗೆ ಕೂತವಳು ಸುಮ್ಮನೆ ಅಳುತ್ತ ಕೂತಿಲ್ಲ ಅಂತಲೂ ತಿಳಿಯಿತು. ನೆರಳು ನಾವೇ ಅನ್ನುವುದು ಏಟು ತಿಂದು ತಿಳಿಯಿತು. ಕೈಯಲ್ಲಿ ನಡೆಯುವ ಕಥೆಗೆ ಇಂಗ್ಲಿಷ್ ಮೀಡಿಯಂ ಬೇಕಾಗಿಲ್ಲ. ಕಥೆಯನ್ನೆಲ್ಲ ಮಾತಿಗೆ ಹಾಕಿ ಆಟದಿಂದ ಬೇರೆ ಮಾಡಿದಾಗ ಮೊದಲು ಹೊರಗೆ ಬೀಳುವವರು ನಮ್ಮ ಹಳ್ಳಿ ಹುಡುಗರು. ಅವರಿಗೆ ಉಳಿಯುವುದು ಬರೇ ಹೊಡಿ-ಬಡಿ. ಆಮೇಲೆ ಅವರಿಗೇ ಬೈಯುತ್ತೇವೆ, ಇವಕ್ಕ ಕಥಿ ಬ್ಯಾಡಾಗೇತಿ ಅಂತ!

"ಅದು ಹಳೇ ಕಾಲದ ಆಟ, ಈಗಿನ ವೇಗಕ್ಕೆ ನಡೆಯೋದಿಲ್ಲ" ಅನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. 2003ರಲ್ಲಿ ಯೂಬಿಸಾಫ್ಟ್ ಇದೇ ಹೆಸರಿನಲ್ಲಿ 'ಸ್ಯಾಂಡ್ಸ್ ಆಫ್ ಟೈಮ್' ತಂದಿತು, ಕಥೆ ಬರೆದದ್ದು ಮೆಕ್ನರನೇ. ಅಲ್ಲಿ ರಾಜಕುಮಾರನ ಕೈಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಒಂದು ಕಠಾರಿ ಸಿಗುತ್ತದೆ. ಜಿಗಿತ ತಪ್ಪಿ ಬಿದ್ದಿರೋ, ಬಟನ್ ಒತ್ತಿದರೆ ಕಾಲ ಹಿಂದಕ್ಕೆ ಹೋಗಿ ಮತ್ತೆ ಅಂಚಿನ ಮೇಲೆ ನಿಂತಿರುತ್ತೀರಿ. ಇಡೀ ಆಟ ರಾಜಕುಮಾರ ಯಾರಿಗೋ ಹೇಳುತ್ತಿರುವ ಕಥೆ. ನೀವು ಸತ್ತರೆ ಅವನು, ಇಲ್ಲ ಇಲ್ಲ, ಹಾಗಾಗಲಿಲ್ಲ ಅಂತ ತನ್ನ ಕಥೆಯನ್ನು ತಾನೇ ತಿದ್ದಿಕೊಳ್ಳುತ್ತಾನೆ. ಕಥೆ ಹೇಳುವಾಗ ಅಜ್ಜಿ ನಡುವೆ ತಪ್ಪಿ, "ಅಲ್ಲೋ, ತಡಿ, ಹಿಂಗಾತು" ಅಂತ ಹಿಂದಕ್ಕೆ ಹೋಗುತ್ತಿದ್ದಳಲ್ಲ, ಹಂಗೆ. ಕೊನೆಯಲ್ಲಿ ಅದೇ ಕಠಾರಿಯಿಂದ ಪೂರ್ತಿ ಕಥೆಯೇ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಇಷ್ಟೂ ಹೊತ್ತು ಅವನು ಹೇಳುತ್ತಿದ್ದದ್ದು ಫರಾ ಎಂಬ ರಾಜಕುಮಾರಿಗೆ. ಜೊತೆಯಲ್ಲಿ ಕಾದಾಡಿದವಳಿಗೆ ಈಗ ಅವನ ಗುರುತೇ ಇಲ್ಲ. ನಾವು ಜಿಗಿತ ತಿದ್ದಿಕೊಳ್ಳಲಿಕ್ಕೆ ಬಳಸಿದ ಬಟನ್ನೇ ಅವಳ ನೆನಪನ್ನೂ ಅಳಿಸಿತು. ಇದಕ್ಕೆ ಕೊಂಡಿ ಅನ್ನುತ್ತಾರೆ.

ಎರಡನೆಯದು 2016ರ 'ಡೂಮ್'. ಹೊಡೆದಾಟ ಬಿಟ್ಟರೆ ಅದರಲ್ಲಿ ಇನ್ನೇನಿದೆ ಅಂತ ಕೇಳುವಂಥ ಗೇಮ್. ಶುರುವಿನಲ್ಲೇ ಒಬ್ಬ ದೊಡ್ಡ ಮನುಷ್ಯ ಪರದೆಯ ಮೇಲೆ ಬಂದು ವಿವರಣೆ ಕೊಡಲಿಕ್ಕೆ ಬಾಯಿ ತೆರೆದರೆ, ನಾಯಕ ಆ ಪರದೆಯನ್ನೇ ಹಿಡಿದು ಆಚೆ ತಳ್ಳುತ್ತಾನೆ. ನಾವು ಸ್ಕಿಪ್ ಒತ್ತುವ ಮೊದಲೇ ಅವನು ಒತ್ತಿದ! ಅವನು ಎಂಥವನು ಅಂತ ಅಷ್ಟರಲ್ಲೇ ತಿಳಿಯಿತು. ಮುಂದೆ ನಿಮ್ಮ ಜೀವ ಕಡಿಮೆಯಾದಾಗ ಅಡಗಿ ಕೂತರೆ ಉಪಯೋಗವಿಲ್ಲ. ದೆವ್ವದ ಹತ್ತಿರ ನುಗ್ಗಿ ಕೈಯಿಂದ ಮುರಿದರೆ ಜೀವ ವಾಪಸ್ ಬರುತ್ತದೆ. ಸಾಯುವ ಹೊತ್ತಿಗೆ ಮುಂದಕ್ಕೇ ನುಗ್ಗುವವನು ಅನ್ನುವ ಗುಣವನ್ನು ನಿಮ್ಮ ಬೆರಳಿಗೇ ಕಟ್ಟಿದ್ದಾರೆ. ವೇಗ ಕಥೆಗೆ ಅಡ್ಡಿ ಅನ್ನುವವರು ಇದನ್ನು ಆಡಿ ನೋಡಲಿ.

ಇದೆಲ್ಲ ಪರದೇಶದ ಬುದ್ಧಿ, ನಮಗೆ ಹೊಸದು ಅಂತ ತಿಳಿಯಬೇಡಿ. ನಮ್ಮ ವಿಜಯಪುರ-ಬಾಗಲಕೋಟೆ ಸೀಮೆಯ ಗೀಗೀ ಮೇಳಗಳಲ್ಲಿ ಹರದೇಶಿ-ನಾಗೇಶಿ ಸವಾಲ್-ಜವಾಬ್ ಕೇಳಿದ್ದೀರಲ್ಲ? ಒಂದು ಕಡೆಯವರು ಗಂಡು ಹೆಚ್ಚು ಅನ್ನುತ್ತಾರೆ, ಇನ್ನೊಂದು ಕಡೆಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಡಪ್ಪು, ತುಂತುಣಿ, ತಾಳ. ಒಬ್ಬರು ಪುರಾಣದ ಒಂದು ಕಥೆ ಹಾಡಿ ಸವಾಲು ಹಾಕಿದರೆ ಎದುರಿನವರು ಇನ್ನೊಂದು ಕಥೆ ಹಾಡಿ ಅದನ್ನು ಮುರಿಯಬೇಕು. ಅಲ್ಲಿ ಕಥೆಯೇ ಪಟ್ಟು, ಕಥೆಯೇ ಡಾವು. ಕಥೆ ಗೊತ್ತಿಲ್ಲದವನು ಸೋಲುತ್ತಾನೆ. ಜನ ಬೆಳತನಕ ಕೂತು ಕೇಳುತ್ತಾರೆ. ನಡುವೆ ಯಾರಾದರೂ ಡಪ್ಪು ನಿಲ್ಲಿಸಿ, "ಈಗ ಈ ಕಥೆಯ ಹಿನ್ನೆಲೆ ಏನೆಂದರೆ..." ಅಂತ ಮೈಕ್ ಹಿಡಿದರೆ ಅದೇ ಜನ ಚಹಾದ ಅಂಗಡಿಗೆ ಎದ್ದು ಹೋಗುತ್ತಾರೆ. ಅವರಿಗೆ ಕಥೆ ಬೇಡವಾಗಿತ್ತು ಅನ್ನುತ್ತೀರೇನು?

ಬಾದಾಮಿಗೆ ಹೋಗ್ರಿ. ಎರಡನೇ ಗುಹೆಯಲ್ಲಿ ತ್ರಿವಿಕ್ರಮ ಇದ್ದಾನೆ. ಕೆಳಗೆ ಕೊಡೆ ಹಿಡಿದ ಪುಟ್ಟ ವಾಮನ, ಪಕ್ಕದಲ್ಲೇ ಕಾಲು ಎತ್ತಿ ನಿಂತ ಅದೇ ವಾಮನನ ದೊಡ್ಡ ರೂಪ. ಕಥೆ ಪೂರ್ತಿ ಆ ಎತ್ತಿದ ಕಾಲಿನಲ್ಲಿದೆ. ಅಗಸ್ತ್ಯತೀರ್ಥದ ಆಚೆ ತಟ್ಟುಕೋಟಿ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಕಾಲದ್ದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ತ್ರಿಪದಿಗಳಲ್ಲಿ ಅರಭಟ್ಟ ಯಾವ ಯುದ್ಧ ಗೆದ್ದ, ಎಷ್ಟು ತಲೆ ಕಡಿದ ಅಂತ ಪಟ್ಟಿ ಇಲ್ಲ. ಒಳ್ಳೆಯವರ ಜೊತೆ ಹೇಗೆ, ಸವಿಯಾಗಿ ನಡೆದವರ ಜೊತೆ ಹೇಗೆ, ಕಾಡಲಿಕ್ಕೆ ಬಂದವರ ಜೊತೆ ಹೇಗೆ, ಇದನ್ನು ಹೇಳಿ ಅವನು ಎಂಥವನು ಅಂತ ನಿಲ್ಲಿಸಿದ್ದಾರೆ. ಪ್ರೋಗ್ರಾಮ್ ಬರೆಯುವವನ ಕಣ್ಣಿಗೆ ಅದು ಅಪ್ಪಟ ಇಫ್-ಎಲ್ಸ್. ಎದುರಿನವನು ಹೀಗೆ ಬಂದರೆ ಇವನು ಹೀಗೆ. ಆಕ್ಷನ್ ಗೇಮಿನ ಪಾತ್ರ ಬರೆಯುವುದು ಅಂದರೆ ಇದೇ. ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ, ನಾವು ಅದನ್ನು ಪರೀಕ್ಷೆಯ ಎರಡು ಅಂಕಕ್ಕೆ ಬಿಟ್ಟಿದ್ದೇವೆ.

ಬಿಟ್ಟದ್ದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದು 1997ರಲ್ಲಿ. ದೇಶದಲ್ಲೇ ಮೊದಲು ಎನ್ನಬಹುದಾದ ಗೇಮ್ ಕಂಪನಿಗಳಲ್ಲಿ ಅದೊಂದು. 2012ರಲ್ಲಿ ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗಿಗೆ ಅಂತಲೇ ಒಂದು ನೀತಿ ಮಾಡಿತು, ಬೇರೆ ರಾಜ್ಯಗಳಿಗಿಂತ ಮೊದಲೇ. ಕೈಯಲ್ಲಿ ಕಸುಬಿದೆ, ಅನುಭವ ಇದೆ. ಆದರೆ ನಮ್ಮ ಹುಡುಗರು ಹೆಚ್ಚಾಗಿ ಮಾಡಿದ್ದು ಪರರ ಗೇಮಿಗೆ ಬೇಕಾದ ಬಿಡಿ ಸಾಮಾನು: ಕಾರು, ಗಿಡ, ಗೋಡೆ, ಕವಚ. ಬಿಡಿಯಾಗಿ ಮಾಡಿ ಬಿಡಿಯಾಗಿ ಕಳಿಸುವುದು. ಹೀಗೆ ಮಾಡಿ ಮಾಡಿ, ಕಥೆಯೂ ಒಂದು ಬಿಡಿ ಸಾಮಾನು ಅನ್ನುವ ರೂಢಿ ಬಿದ್ದಿದೆ.

ಬೆಂಗಳೂರಿನಲ್ಲೇ ಒಂದು ಸಣ್ಣ ತಂಡದವರು, ಹೆಸರು ಬೇಡ, ಚಾಲುಕ್ಯರ ಮೇಲೆ ಗೇಮ್ ಮಾಡುತ್ತಿದ್ದೇವೆ ಅಂತ ಒಮ್ಮೆ ನಮಗೆಲ್ಲ ತೋರಿಸಿದರು. ನಾನು ಹುರುಪಿನಿಂದ ಹೋದೆ. ಹಿನ್ನೆಲೆಯಲ್ಲಿ ಬಾದಾಮಿಯ ಕೆಂಪು ಬಂಡೆ ಚಂದ ಇತ್ತು. ನಾಯಕ ಮಾತ್ರ ಬೇರೆ ಎಲ್ಲಾ ಗೇಮಿನಲ್ಲಿರುವ ನಾಯಕನೇ, ಕಿರೀಟ ಬದಲಾಗಿತ್ತು ಅಷ್ಟೇ. ಗ್ರೀಕನಾಗಿದ್ದರೂ ಹೀಗೇ ಹೊಡೆಯುತ್ತಿದ್ದ. "ಕಥೆ ಎಲ್ಲಿ ಐತ್ರಿ?" ಅಂತ ಕೇಳಿದೆ. "ಗೇಮ್‌ಪ್ಲೇ ಮುಗೀಲಿ ಸರ್, ಕೊನೇ ತಿಂಗಳು ಒಬ್ಬ ರೈಟರ್‌ನ ಹಾಕ್ಕೊಂಡು ಕಟ್‌ಸೀನ್ ಮಾಡಿಸ್ತೀವಿ" ಅಂದರು. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದ ಯಾರಿಗೇ ಆಗಲಿ ಈ ಮಾತು ಕೇಳಿದರೆ ಹೊಟ್ಟೆಯಲ್ಲಿ ಕಲಸಿದಂತಾಗಬೇಕು. ಎಲ್ಲಾ ಬೇರೆ ಬೇರೆ ಮಾಡಿ ಕೊನೆಗೆ ಇಂಟಿಗ್ರೇಷನ್ ಮಾಡೋಣ ಅಂದ ಪ್ರಾಜೆಕ್ಟುಗಳ ಗತಿ ನಮಗೆ ಗೊತ್ತಿಲ್ಲವೇ?

ಮೆಕ್ನರನ ನೆರಳು ಹುಟ್ಟಿದ್ದು ಹೇಗೆ ಅಂತ ಇಲ್ಲಿ ಹೇಳಬೇಕು. ಅವನ ಆಟಕ್ಕೆ ಒಬ್ಬ ಎದುರಾಳಿ ಬೇಕಾಗಿತ್ತು. ಹೊಸ ಪಾತ್ರದ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಮೆಮರಿ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ, ಅದರ ಜೊತೆಗೇ ಎಕ್ಸ್‌ಓಆರ್ ಮಾಡಿದ. ತೆರೆಯ ಮೇಲೆ ಮಸುಕಾದ ಒಂದು ರೂಪ ಬಂತು, ನೆರಳಿನ ಹಾಗೆ. ಕನ್ನಡಿಯ ಕಥೆ ಅಲ್ಲಿಂದ ಹುಟ್ಟಿತು. ಕೋಡ್ ಬರೆಯುವವನೂ ಕಥೆ ಬರೆಯುವವನೂ ಒಬ್ಬನೇ ಆಗಿದ್ದರಿಂದ ಮೆಮರಿಯ ಬಡತನವೇ ಕಥೆಯಾಯಿತು. ಕೊನೇ ತಿಂಗಳು ಬಂದ ರೈಟರ್‌ಗೆ ಈ ನೆರಳು ಎಲ್ಲಿಂದ ಸಿಗಬೇಕು? ಖರ್ಚಿನ ಮಾತು ಎತ್ತುವವರಿಗೆ ಇದೇ ಉತ್ತರ. ಇಬ್ಬರನ್ನೂ ಮೊದಲ ದಿನದಿಂದ ಒಂದೇ ಮೇಜಿಗೆ ಕೂರಿಸ್ರಿ. ಕೊಂಡಿ ಹಾಕಲಿಕ್ಕೆ ಹೊತ್ತು ಹಿಡಿಯುತ್ತದೆ, ಹೌದು. ಇಳಕಲ್ಲಿನಲ್ಲೂ ಹಿಡಿಯುತ್ತದೆ.

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 'ರಾಜಿ' ಮಾಡಿದರು. ತಮ್ಮನನ್ನು ಹುಡುಕಿ ಹೊರಟ ಸರ್ಕಸ್ ಹುಡುಗಿ. ಗೋಡೆಯ ಮೇಲೆ ಓಡುತ್ತಾಳೆ, ಕಂಬ ಹಿಡಿದು ಗರ್ರನೆ ತಿರುಗಿ ರಾಕ್ಷಸರನ್ನು ಬೀಳಿಸುತ್ತಾಳೆ. ಅವಳು ಸರ್ಕಸ್ಸಿನವಳು ಅನ್ನುವುದು ಅವಳ ಮೈಯಲ್ಲೇ ಇದೆ, ಅದು ಸೊಗಸು. ಆದರೆ ಪುರಾಣದ ಭಾಗ ಬಂದಾಗ ಗೋಡೆಚಿತ್ರದ ಮುಂದೆ ನಿಂತು ದೇವತೆಗಳ ವಿವರಣೆ ಕೇಳಬೇಕು. ಅಲ್ಲಿ ಕೈ ಸುಮ್ಮನಾಗುತ್ತದೆ. ಅರ್ಧ ಕೊಂಡಿ, ಅರ್ಧ ಹೊಲಿಗೆ.

"ಹಂಗಾದ್ರ ಮಾತೇ ಬ್ಯಾಡೇನು?" ಅಂತ ಕೇಳುತ್ತೀರಿ. ಮಾತು ಬೇಕು, ಅದಕ್ಕೂ ಆಟದಲ್ಲಿ ಒಂದು ಕೆಲಸ ಇರಬೇಕು. 2020ರ 'ಹೇಡೀಸ್'ನಲ್ಲಿ ಮಾತು ರಾಶಿ ಇದೆ. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಟ ಮಗ ಸತ್ತಾಗಲೆಲ್ಲ ಅಪ್ಪನ ಮನೆಗೇ ವಾಪಸ್ ಬಂದು ಬೀಳುತ್ತಾನೆ. ಬೇರೆ ಆಟಗಳಲ್ಲಿ ಸತ್ತರೆ ಕಥೆ ನಿಲ್ಲುತ್ತದೆ, ಇಲ್ಲಿ ಸತ್ತರೇ ಮುಂದುವರಿಯುತ್ತದೆ. ಈ ಸಲ ಯಾರ ಕೈಯಲ್ಲಿ ಸತ್ತೆ ಅಂತ ಮನೆಯವರು ಕೆಣಕುತ್ತಾರೆ. ಅದು ನಮ್ಮದೇ ಸೋಲಿನ ಮಾತಾದ್ದರಿಂದ ಕಿವಿಗೊಟ್ಟು ಕೇಳುತ್ತೇವೆ.

ಇನ್ನು ಇಮ್ಮಡಿ ಪುಲಕೇಶಿಯ ಗೇಮ್. ಇವತ್ತಲ್ಲ ನಾಳೆ ಯಾರೋ ಮಾಡೇ ಮಾಡುತ್ತಾರೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಾಸನ ಇದೆ, 634ರದ್ದು. ಹರ್ಷನನ್ನು ಸೋಲಿಸಿದ್ದು ಅದರಲ್ಲಿದೆ. ಸೋಮಾರಿಗಳು ಮಾಡಿದರೆ ಇನ್ನೂರು ಸೈನಿಕರನ್ನು ಕಡಿಸಿ, ಆಮೇಲೆ ಶಾಸನ ಓದಿ ಹೇಳಿಸುತ್ತಾರೆ. ಹುಡುಗರು ಸ್ಕಿಪ್ ಒತ್ತುತ್ತಾರೆ, ಒತ್ತಬೇಕು ಕೂಡ. ಸ್ವಲ್ಪ ಯೋಚನೆ ಮಾಡ್ರಿ. ಹರ್ಷನ ಎದುರು ಪುಲಕೇಶಿ ಗೆದ್ದದ್ದು ನರ್ಮದೆಯ ಕಡೆಯಿಂದ ಅವನನ್ನು ದಕ್ಷಿಣಕ್ಕೆ ಬರಗೊಡದೆ. ಅಂದರೆ ಆಟ ಮುನ್ನುಗ್ಗುವುದರಲ್ಲಿಲ್ಲ, ದಂಡೆ ಬಿಡದೆ ನಿಲ್ಲುವುದರಲ್ಲಿದೆ. ಹೊಳೆ ದಾಟಿ ಬೆನ್ನಟ್ಟಿದವನು ಸೋಲಬೇಕು, ದಂಡೆ ಹಿಡಿದವನು ಗೆಲ್ಲಬೇಕು. ಆಮೇಲೆ 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ವಾತಾಪಿಗೇ ಬಂದ, ಊರು ಹಿಡಿದ, ಇಲ್ಲಿಯ ಬಂಡೆಯ ಮೇಲೇ ತನ್ನ ಶಾಸನ ಕೊರೆಸಿದ. ಅದು ಈಗಲೂ ಇದೆ. ಹಾಗಿದ್ದರೆ ಮೊದಲ ಲೆವೆಲ್‌ನಲ್ಲಿ ಹುಡುಗ ಓಡಾಡಿ ಕಲಿತ ಅದೇ ಓಣಿ, ಅದೇ ಮೆಟ್ಟಿಲು, ಅದೇ ಕೆರೆ ದಂಡೆ ಕೊನೆಯ ಲೆವೆಲ್‌ನಲ್ಲಿ ಶತ್ರುವಿನ ಕೈಗೆ ಒಂದೊಂದಾಗಿ ಹೋಗಲಿ. ನರ್ಮದೆಯಲ್ಲಿ ಕಲಿತಂತೆ ಅವನು ನಿಲ್ಲಲಿ, ಈ ಸಲ ನಿಂತರೂ ಸಾಲದೆ ಹೋಗಲಿ. ರಾಜ್ಯ ಹೋಯಿತು ಅಂದರೆ ಏನು ಅಂತ ಅವನಿಗೆ ಯಾವ ಪಾಠವೂ ಬೇಕಾಗುವುದಿಲ್ಲ.

ಬಾಗಲಕೋಟೆಯ ಕಾಲೇಜುಗಳಲ್ಲಿ ಬಿಇ ಓದುತ್ತ ಗೇಮ್ ಮಾಡಬೇಕು ಅಂತಿರುವ ತಮ್ಮಂದಿರು, ತಂಗಿಯರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡ್ರಿ. ಹತ್ತು ನಿಮಿಷದ ಒಂದು ಆಟ ಕಟ್ಟಿ, ಅದರಲ್ಲಿರುವ ಅಕ್ಷರ ತೆಗೆದು, ದನಿ ಬಂದ್ ಮಾಡಿ, ಯಾವುದಾದರೂ ಹಳ್ಳಿಯ ಆರನೇ ಇಯತ್ತ ಹುಡುಗಿಯ ಕೈಗೆ ಕೊಡ್ರಿ. ಆಡಿದ ಮೇಲೆ "ಏನಾತವ್ವಾ?" ಅಂತ ಕೇಳ್ರಿ. "ಹೊಡದೆ, ಗೆದ್ದೆ" ಅಂದರೆ ನಿಮ್ಮಲ್ಲಿ ಆಟ ಇದೆ, ಕಥೆ ಇನ್ನೂ ಬಂದಿಲ್ಲ. "ಅಣ್ಣಾ, ನಾ ಹೊಡಿಬಾರದಿತ್ತು" ಅಂದಳು ಅನ್ನಿ, ಆಗ ಆ ಗೇಮನ್ನು ಬೆಂಗಳೂರಿಗೆ ತಗೊಂಡು ಬರ್ರಿ. ರೈಟರ್‌ನ ಹುಡುಕುತ್ತಿರುವ ಆ ತಂಡದವರಿಗೆ ನಾನೇ ಕರಕೊಂಡು ಹೋಗಿ ತೋರಿಸುತ್ತೇನೆ.